ಎರಡು ಚೀಲ ಐಸು

ವಿಶ್ವ ಈಜು ಕೂಟದ ತಂಡದ ಪಟ್ಟಿ ಬಂದ ಬೆಳಿಗ್ಗೆ ಗ್ಲೆನಿಸ್ ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು. ಅಂಗವಿಕಲರ ವಿಭಾಗದಲ್ಲಿ ಮಗಳು ಟ್ಯಾಮ್ಸಿನ್ ಹೆಸರಿತ್ತು. ಅದೇ ಕ್ಲಬ್ಬಿನ ಬ್ರೈಡಿಯ ಹೆಸರು ಇರಲಿಲ್ಲ. ಅತ್ತೆ ವೆರ್ನಾ ಪಟ್ಟಿಯನ್ನು ಎರಡು ಸಲ ಓದಿ, ಮೊಮ್ಮಗಳ ಎದುರಿಗೇ ಕೇಳಿದಳು.

“ಆವತ್ತು ಮೋಟೆಲಿಗೆ ಎಷ್ಟು ಚೀಲ ಐಸ್ ತಂದಿದ್ದೆ, ಗ್ಲೆನಿಸ್?”

ಚಾಕು ನಿಂತಿತು.

ಟ್ಯಾಮ್ಸಿನ್‌ಗೆ ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಎಡಗೈ, ಎಡಗಾಲು ಬಿಗಿ. ಕೂಟಗಳಲ್ಲಿ ಇಂಥವರನ್ನು ಮೊದಲು ಮೇಜಿನ ಮೇಲೆ ಮಲಗಿಸಿ ಕೈಕಾಲು ಮಡಚಿ ನೋಡುತ್ತಾರೆ, ಆಮೇಲೆ ನೀರಿಗಿಳಿಸುತ್ತಾರೆ. ದೇಹ ಎಷ್ಟು ಕೈಕೊಡುತ್ತದೆ ಎಂಬುದರ ಮೇಲೆ ವರ್ಗ. ಟ್ಯಾಮ್ಸಿನ್ ಎರಡು ವರ್ಗಗಳ ಗಡಿಯಲ್ಲಿದ್ದ ಹುಡುಗಿ. ಮೇಲಿನ ವರ್ಗದಲ್ಲಿ ಸದಾ ಆರನೆಯವಳು, ಏಳನೆಯವಳು. ಕಳೆದ ವರ್ಷ ಮರುಪರೀಕ್ಷೆಯ ಬೆಳಿಗ್ಗೆ ಗ್ಲೆನಿಸ್ ಪೆಟ್ರೋಲ್ ಬಂಕಿನಿಂದ ಎರಡು ಚೀಲ ಐಸು ತಂದು ಮೋಟೆಲಿನ ಸ್ನಾನದ ತೊಟ್ಟಿಗೆ ಸುರಿದಳು. ದೊಡ್ಡ ಈಜುಗಾರರೆಲ್ಲ ಹೀಗೇ ಮಾಡುತ್ತಾರೆಂದು ಹೇಳಿ ಮಗಳನ್ನು ಕೂರಿಸಿದಳು. ಚಳಿಗೆ ಆ ಸ್ನಾಯುಗಳು ಮರದ ಹಾಗೆ ಸೆಟೆಯುತ್ತವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆಚ್ಚು ಅಂಗವೈಕಲ್ಯದವರ ಕೆಳಗಿನ ವರ್ಗ ಸಿಕ್ಕಿತು. ಅದು ಬ್ರೈಡಿಯ ವರ್ಗ.

“ಬ್ರೈಡಿ ಅಜ್ಜನ ಜೊತೆ ಪ್ರತಿ ಶನಿವಾರ ಬೌಲ್ಸ್ ಚೆಂಡಾಟ ಆಡೋಳು ನಾನು,” ವೆರ್ನಾ ಎಂದಳು. “ಯಾವ ಮುಖ ಇಟ್ಕೊಂಡು ಹೋಗಲಿ?”

“ನಿಮ್ಮ ಮಗ ಗಣಿ ಕೆಲಸ ಅಂತ ತಿಂಗಳಿಗೆ ಮೂರು ವಾರ ಮನೇಲಿರಲ್ಲ. ಹನ್ನೆರಡು ವರ್ಷ ಬೆಳಗಿನ ಐದಕ್ಕೆ ಇವಳನ್ನ ಕೊಳಕ್ಕೆ ಕರ್ಕೊಂಡು ಹೋದೋಳು ನಾನು. ನೀವು ಒಂದಿನ ಟವೆಲ್ ಹಿಡಿದಿದ್ದೀರಾ?”

“ಹಿಡಿದಿಲ್ಲ. ಐಸೂ ಹಿಡಿದಿಲ್ಲ.”

ಟ್ಯಾಮ್ಸಿನ್ ಎದ್ದು ಕೋಣೆಗೆ ಹೋದಳು. ಅವಳು ಕಿರುಚಿದ್ದರೆ, ತಟ್ಟೆ ಎಸೆದಿದ್ದರೆ, ಗ್ಲೆನಿಸ್‌ಗೆ ಉಸಿರಾಡಲಾದರೂ ಆಗುತ್ತಿತ್ತು… ವೆರ್ನಾ ಅಂದಿದ್ದು ಸುಳ್ಳಾಗಿರಲಿಲ್ಲ. ಹಾಗೆಂದು ಆವತ್ತು ಮೋಟೆಲಿನಲ್ಲಿದ್ದು ಎಲ್ಲ ಕಂಡಿದ್ದ ಆ ಮುದುಕಿಯೂ ವರ್ಷವಿಡೀ ಬಾಯಿ ಹೊಲಿದುಕೊಂಡೇ ಇದ್ದಳು, ಮೊಮ್ಮಗಳ ಪದಕಗಳನ್ನು ಬೌಲ್ಸ್ ಕ್ಲಬ್ಬಿಗೆ ಒಯ್ದು ತೋರಿಸಿದ್ದಳು.

ಮಧ್ಯಾಹ್ನ ಬ್ರೈಡಿಯೇ ಬಂದಳು. ಗಾಲಿಕುರ್ಚಿಯಲ್ಲಿ, ತೊಡೆಯ ಮೇಲೆ ಲ್ಯಾಮಿಂಗ್ಟನ್ ಕೇಕಿನ ಡಬ್ಬಿ. ತನ್ನಮ್ಮ ಮಾಡಿದ್ದೆಂದು ಗ್ಲೆನಿಸ್ ಕೈಗಿತ್ತಳು. ಅತ್ತು ಅವಳ ಕಣ್ಣು ಇನ್ನೂ ಊದಿತ್ತು.

“ಗೆದ್ಕೊಂಡು ಬಾರೇ ಕತ್ತೆ,” ಎಂದಳು ಟ್ಯಾಮ್ಸಿನ್‌ಗೆ. “ಸೋತ್ರೆ ನನ್ನ ಜಾಗಾನ ದಂಡ ಮಾಡ್ದಂಗೆ.”

ಗ್ಲೆನಿಸ್ ಡಬ್ಬಿಯನ್ನು ತೆರೆಯದೆ ಫ್ರಿಜ್ಜಿನ ಮೇಲಿಟ್ಟಳು.

ಬ್ರೈಡಿ ಹೋದ ಮೇಲೆ ಟ್ಯಾಮ್ಸಿನ್ ಅರ್ಜಿಯೊಂದನ್ನು ಮುದ್ರಿಸಿ ತಂದು ಮೇಜಿನ ಮೇಲಿಟ್ಟಳು. ಮತ್ತೆ ವರ್ಗಪರೀಕ್ಷೆ ಮಾಡಬೇಕೆಂಬ ಕೋರಿಕೆ. ಅವಳಿಗಿನ್ನೂ ಹದಿನೇಳು, ತಾಯಿಯೂ ಬರೆದು ಸಹಿ ಹಾಕಬೇಕು. ಕಾರಣವೆಂಬ ಜಾಗದಲ್ಲಿ ಗ್ಲೆನಿಸ್ ‘ದೇಹಸ್ಥಿತಿ ಸುಧಾರಿಸಿದೆ’ ಎಂದು ಬರೆದಳು. ಟ್ಯಾಮ್ಸಿನ್ ಆ ಹಾಳೆಯನ್ನು ಹರಿದು ಇನ್ನೊಂದು ತಂದಳು.

“ತಂಡದಿಂದ ತೆಗೀತಾರೆ, ಕಂದಾ. ನಿಷೇಧಾನೂ ಹಾಕಬಹುದು…”

“ಹಾಕ್ಲಿ. ಅವಳ ಹೆಸರು ಬರುತ್ತಲ್ಲ.”

ಗ್ಲೆನಿಸ್‌ಳ ಕಣ್ಣೀರು ಮೂಗಿನ ತುದಿಯಿಂದ ಹಾಳೆಯ ಮೇಲೆ ಬಿತ್ತು. ಅದನ್ನು ಒರೆಸಿ ಬರೆದಳು: ‘ಪರೀಕ್ಷೆಗೆ ಮುಂಚೆ ನಾನು ಅವಳನ್ನು ಬೇಕೆಂದೇ ಐಸಿನ ನೀರಲ್ಲಿ ಕೂರಿಸಿದೆ. ತಪ್ಪು ನನ್ನದು. ನನ್ನ ಮಗಳಿಗೆ ಏನೂ ಗೊತ್ತಿರಲಿಲ್ಲ.’

ಟ್ಯಾಮ್ಸಿನ್ ಬಗ್ಗಿ ಓದಿದಳು. ಬಲಗೈ ಬೆರಳನ್ನು ಕೊನೆಯ ಸಾಲಿನ ಮೇಲಿಟ್ಟಳು.

“ಇದನ್ನ ಹೊಡೆದು ಹಾಕು, ಅಮ್ಮ.”

“ಯಾಕೆ?”

“ಐಸು ಯಾಕಂತ ಮೊದಲನೇ ರೇಸಲ್ಲೇ ಗೊತ್ತಾಯ್ತು ನಂಗೆ. ತಿರುಗಿ ನೋಡಿದ್ರೆ ಬ್ರೈಡಿ ಇನ್ನೂ ಅರ್ಧ ಕೊಳದಲ್ಲಿದ್ಲು. ಗೆದ್ದಿದ್ದು ಚೆನ್ನಾಗಿತ್ತು. ಸುಮ್ಮನಿದ್ದೆ.”

ವರ್ಷವಿಡೀ ಗ್ಲೆನಿಸ್‌ಗಿದ್ದ ಸಮಾಧಾನ ಅದೊಂದೇ, ಮಗಳಿಗೆ ಗೊತ್ತಿಲ್ಲವೆಂಬುದು. ಅವಳು ಆ ಸಾಲಿನ ಮೇಲೆ ಗೆರೆ ಎಳೆದು, ಸಹಿ ಹಾಕಿ, ಪೆನ್ನನ್ನು ಮಗಳಿಗೆ ಕೊಟ್ಟಳು.