ಪ್ರಮೋದಾಳ ಗಿಣಿಯಂಚು

ನಾನು ದೊಡ್ಡಬಳ್ಳಾಪುರದ ಒಂದು ಪ್ರೈಮರಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ನೇಕಾರರ ಮಕ್ಕಳಿಗೆ ಮಾವಿನಹಣ್ಣು ಬರೆಸುವುದು ಬಿಟ್ಟು, ಕರಿಹಲಗೆಯ ಮೇಲೆ ಚೌಕ ಹಾಕಿ ಸೀರೆಯಂಚು ಬರೆಯಲು ಕಲಿಸಿದವಳು ತಾಲ್ಲೂಕಿಗೆ ನಾನೊಬ್ಬಳೇ.

ತೊಂಬತ್ತೊಂದರ ಬೇಸಿಗೆ. ನಾಲ್ಕನೇ ಕ್ಲಾಸಿನ ಪ್ರಮೋದಾ ಹಲಗೆಯ ಮೇಲೆ ಗಿಣಿಗಳ ಸಾಲು ಬರೆಯುತ್ತಿದ್ದಾಗ ಕರೆಂಟು ಹೋಯಿತು. ಊರಿನ ಪವರ್‌ಲೂಮುಗಳೆಲ್ಲ ಒಮ್ಮೆಗೇ ನಿಂತವು. ಆದರೆ ನಮ್ಮ ಕೋಣೆಯ ನೆಲದಡಿಯಲ್ಲಿ ಒಂದು ಕೈಮಗ್ಗ ಬಡಿಯುತ್ತಲೇ ಇತ್ತು. ಅವಳು ಒಂದು ಚೌಕ ತುಂಬಿದರೆ ಒಂದು ಬಡಿತ. ನೆಲ ಅಂಗಾಲು ಕೊರೆಯುವಷ್ಟು ತಣ್ಣಗಿತ್ತು. ಬೆಲ್ ಆಯಿತು, ಅವಳು ಸೀಮೆಸುಣ್ಣ ಇಟ್ಟಳು, ಸದ್ದೂ ನಿಂತಿತು. ಕೊನೆಯ ಗಿಣಿಗೆ ಇನ್ನೂ ಕೊಕ್ಕಿರಲಿಲ್ಲ.

ಮರುದಿನ ಕಸ ಗುಡಿಸುವ ಮುನಿವೆಂಕಟಮ್ಮ ಒಂದು ರೇಷ್ಮೆ ಪಟ್ಟಿ ತಂದುಕೊಟ್ಟಳು. "ನೆಲದ ಮ್ಯಾಲೆ ಬಿದ್ದಿತ್ತು ಮೇಡಮ್ಮೋರೆ. ಮುಟ್ಟಿ ನೋಡಿ, ಐಸ್ ಥರ ಐತೆ."

ನೇಯ್ದಿದ್ದು ಪ್ರಮೋದಾಳ ಗಿಣಿಗಳನ್ನೇ. ಕೊನೆಯದಕ್ಕೆ ಕೊಕ್ಕಿರಲಿಲ್ಲ.

ಕ್ಲಾಸಿನಲ್ಲಿ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಹಲಗೆಯ ಮೇಲೆ ಹಾಗೇ ಉಳಿದಿದ್ದ ಗಿಣಿಯನ್ನು ಪ್ರಮೋದಾಳಿಗೆ ತೋರಿಸಿ, "ಆ ಕೊಕ್ಕು ಬರ್ದ್ಬಿಡು ಕಂದ" ಅಂದೆ. ಅವಳು ಒಂದು ಚೌಕ ತುಂಬಿದಳು. ನೆಲದಡಿ ಒಂದೇ ಒಂದು ಬಡಿತ ಕೇಳಿಸಿತು.

ಇಂದಿಗೂ ಮನೆಗೆ ಬಂದವರಿಗೆಲ್ಲ ಆ ಪಟ್ಟಿ ತೋರಿಸಿ, ಈ ಅಂಚು ಬರೆದವಳು ನನ್ನ ಶಿಷ್ಯೆ ಅನ್ನುತ್ತೇನೆ. ನೇಯ್ದವರು ಯಾರೆಂದು ಗೊತ್ತಿಲ್ಲ. ಅಂದು ನಾನು ಮುಷ್ಟಿ ಬಿಚ್ಚಿದಾಗ ಪಟ್ಟಿಯ ಕೊನೆಯ ಗಿಣಿಗೂ ಕೊಕ್ಕಿತ್ತು.