ಆರನೇ ಪ್ರತಿ

ಬೆಳಿಗ್ಗೆ ಎಂಟಕ್ಕೆ ಗ್ರಂಥಾಲಯದ ಬಾಗಿಲು ತೆಗೆದ ಅಟೆಂಡರ್ ಕೈಯಿಂದ ಪೊರಕೆ ಜಾರಿ ಬಿತ್ತು.

ಎದುರಿನ ಕಪಾಟುಗಳು ಹಲ್ಲು ಕಿತ್ತ ಬಾಯಿಯ ಹಾಗೆ ಕಾಣುತ್ತಿದ್ದವು. ಇಲ್ಲಿ ಒಂದು ಖಾಲಿ, ಅಲ್ಲಿ ಎರಡು ಖಾಲಿ, ಆಚೆ ಕೈ ಹಾಯಿಸುವಷ್ಟು ಖಾಲಿ. ಹಿಂದಿನ ಸಂಜೆ ಬೀಗ ಹಾಕುವಾಗ ಎಲ್ಲವೂ ಸರಿಯಾಗಿತ್ತು. ಬೀಗ ಮುರಿದಿಲ್ಲ. ಕಿಟಕಿಯ ಚಿಲಕಗಳು ಹಾಕಿದ ಹಾಗೇ ಇವೆ.

ಒಂಬತ್ತರ ಹೊತ್ತಿಗೆ ಇನ್ಸ್‌ಪೆಕ್ಟರ್ ಬಂದಳು. ಕೂತಲ್ಲಿ ಕೂರುವ ಜಾಯಮಾನ ಅವಳದಲ್ಲ. ಗ್ರಂಥಪಾಲಕರು ಕುರ್ಚಿ ಎಳೆದು ಕೊಟ್ಟರೂ ಕಪಾಟುಗಳ ನಡುವೆ ಸುತ್ತುತ್ತಲೇ ಕೇಳಿದಳು.

"ಎಷ್ಟು ಹೋಗಿವೆ?"

"ನಲವತ್ತೊಂದು ಮೇಡಂ."

ಉತ್ತರ ಗ್ರಂಥಪಾಲಕರಿಂದ ಬರಲಿಲ್ಲ. ಹಿಂದಿನ ಮೇಜಿನಿಂದ ಬಂತು. ಅಲ್ಲಿ ಕೂತಿದ್ದವಳು ಇಪ್ಪತ್ತೆರಡು ವರ್ಷಗಳಿಂದ ಹೊಸ ಪುಸ್ತಕಗಳಿಗೆ ನಂಬರು, ಚೀಟಿ, ಕಾರ್ಡು ಬರೆಯುತ್ತಿದ್ದ ಸಹಾಯಕಿ. ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲೂ ಅವಳು ಚೀಟಿ ಅಕ್ಕ. ಕಳುವಾದ ಪುಸ್ತಕಗಳ ಪಟ್ಟಿಯನ್ನು ಆಗಲೇ ಬರೆದಿಟ್ಟಿದ್ದಳು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

"ಬೀಗದ ಕೈ ಯಾರ ಹತ್ರ ಇರುತ್ತೆ?"

"ಮೂರು ಜನರ ಹತ್ರ," ಎಂದರು ಗ್ರಂಥಪಾಲಕರು. "ನನ್ನ ಹತ್ರ, ಅಕ್ಕನ ಹತ್ರ, ಅಟೆಂಡರ್ ಹತ್ರ." ಕೊನೆಯ ಹೆಸರಿಗೆ ಅವರ ದನಿ ಗಟ್ಟಿಯಾಯಿತು. "ನಿನ್ನೆ ಕೊನೇಲಿ ಬೀಗ ಹಾಕಿದ್ದು ಅವರೇ. ಇನ್ನೇನು ಬೇಕು ನಿಮಗೆ?"

ಬಾಗಿಲ ಬಳಿ ನಿಂತಿದ್ದ ಅಟೆಂಡರ್ ಒಳಗೆ ಬಂದರು. "ಸ್ವಾಮಿ, ಮೂವತ್ತು ವರ್ಷ ಈ ಪುಸ್ತಕಗಳ ಧೂಳು ಹೊಡೆದಿದೀನಿ. ಕದ್ದು ನಾನೇನು ಮಾಡ್ಲಿ? ನನಗೆ ಓದೋಕೆ ಬರೋದೇ ಅಷ್ಟಕ್ಕಷ್ಟೆ."

"ಸುಮ್ನಿರ್ರೀ. ಬೀಗದ ಕೈ ಇಲ್ಲಿ ಕೊಟ್ಟು ಮನೆಗೆ ಹೋಗಿ. ಮೇಡಂ, ನಾಳೆ ಸಮಿತಿ ಸಭೆ ಇದೆ. ಯಾವ ಪುಸ್ತಕ ಕೊಳ್ಳಬೇಕು, ಯಾವುದನ್ನ ತೆಗೆದು ಹಾಕಬೇಕು ಅಂತ ತೀರ್ಮಾನ ಮಾಡೋ ಸಮಿತಿ. ವರ್ಷಕ್ಕೆ ಒಂದೇ ಸಲ ಸೇರುತ್ತೆ. ಅಷ್ಟರೊಳಗೆ ಇದು ಬಗೆಹರೀಬೇಕು."

ಅಟೆಂಡರ್ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು. ಚೀಟಿ ಅಕ್ಕ ಅದನ್ನು ನೋಡಿ ತಲೆ ತಗ್ಗಿಸಿದಳು.

"ಪುಸ್ತಕಗಳ ಮೇಲೆ ಯಾರಿಗಾದ್ರೂ ಸಿಟ್ಟಿತ್ತಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಒಬ್ಬರಿದ್ದಾರೆ," ಎಂದರು ಗ್ರಂಥಪಾಲಕರು. "ಪತ್ರದ ತಾತ."

* * *

ಪತ್ರದ ತಾತನ ಮನೆ ಎರಡು ಬೀದಿ ಆಚೆ. ನಿವೃತ್ತ ಪ್ರೂಫ್ ರೀಡರ್. ವಾರಕ್ಕೊಂದು ಪತ್ರ ಬರೆದು ಗ್ರಂಥಾಲಯದ ಡಬ್ಬಿಗೆ ಹಾಕುತ್ತಿದ್ದರು. ಈ ಪುಸ್ತಕ ಕೊಳಕು, ತೆಗೆಯಿರಿ. ಆ ಪುಸ್ತಕದ ತುಂಬ ಅಚ್ಚಿನ ತಪ್ಪು, ತೆಗೆಯಿರಿ.

ಇನ್ಸ್‌ಪೆಕ್ಟರ್ ಪಟ್ಟಿ ಮುಂದೆ ಹಿಡಿದಳು. ತಾತ ಕನ್ನಡಕ ಹಣೆಗೇರಿಸಿ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಸಪ್ಪಗಾಯಿತು.

"ಇದರಲ್ಲಿ ನಾನು ಬೈದಿರೋ ಪುಸ್ತಕ ಒಂದೂ ಇಲ್ವಲ್ಲಮ್ಮಾ."

"ಒಂದೂ ಇಲ್ವಾ?"

"ಹಳೇ ರೈಲ್ವೆ ವೇಳಾಪಟ್ಟಿ, ರೇಡಿಯೋ ರಿಪೇರಿ, ಬೆರಳಚ್ಚು ಕಲಿಯೋದು. ಇವನ್ನೆಲ್ಲ ಯಾರಮ್ಮಾ ಕದೀತಾರೆ? ಕಳ್ಳನಿಗೆ ತಲೆ ಕೆಟ್ಟಿರಬೇಕು." ಮತ್ತೆ ಪಟ್ಟಿ ನೋಡಿದರು. "ಇಲ್ನೋಡಿ, ಒಂದೇ ಪುಸ್ತಕದ ಹೆಸರು ಐದು ಸಲ ಇದೆ. ಬರೆದವರು ಕೈ ತಪ್ಪಿದಾರೆ."

ಇನ್ಸ್‌ಪೆಕ್ಟರ್ ಪಟ್ಟಿಯನ್ನು ಅವರ ಕೈಯಿಂದ ಕಿತ್ತುಕೊಂಡಂತೆಯೇ ತೆಗೆದುಕೊಂಡಳು. ಹೆಸರು ಒಂದೇ, ನಂಬರು ಬೇರೆ ಬೇರೆ. ಕೈ ತಪ್ಪಿದ್ದಲ್ಲ. ಒಂದೇ ಪುಸ್ತಕದ ಐದು ಪ್ರತಿಗಳು. ಮನೆಯಲ್ಲೇ ಮಾಡುವ ಪ್ರಥಮ ಚಿಕಿತ್ಸೆಯ ಕೈಪಿಡಿ.

ಪಟ್ಟಿ ಮಡಚಿ ಜೀಪು ಹತ್ತಿ ಗ್ರಂಥಾಲಯಕ್ಕೆ ಮರಳಿದಳು.

* * *

ಖಾಲಿ ಜಾಗಗಳ ಮೇಲೆ ಅವಳು ಬೆರಳಾಡಿಸಿದಳು. ಪುಸ್ತಕಗಳಿದ್ದ ಜಾಗದ ಮುಂದೆ ಹಲಗೆಯಲ್ಲಿ ಧೂಳು. ಎಲ್ಲ ಕಡೆ ಅದೇ. ಒಂದೇ ಒಂದು ಕಡೆ ಇಲ್ಲ. ಆರೋಗ್ಯ ವಿಭಾಗದ ನಡು ಹಲಗೆ ಕೈ ತಾಗಿ ತಾಗಿ ನುಣುಪಾಗಿತ್ತು.

"ಇಲ್ಲಿದ್ದದ್ದು ಯಾವುದು?"

"ಹಸಿರು ರಟ್ಟಿನ ಕೈಪಿಡಿ," ಎಂದರು ಗ್ರಂಥಪಾಲಕರು. "ಇಡೀ ಗ್ರಂಥಾಲಯದಲ್ಲಿ ಅತಿ ಹೆಚ್ಚು ಜನ ಒಯ್ಯೋದು ಅದನ್ನೇ. ನಾಳೆ ಸಭೇಲಿ ಇನ್ನೂ ಹತ್ತು ಪ್ರತಿ ತರಿಸೋಣ ಅಂತಿದ್ದೆ."

"ಪುಸ್ತಕ ತೆಗೆದು ಹಾಕೋದು ಹೇಗೆ ತೀರ್ಮಾನ ಆಗುತ್ತೆ?"

"ಐದು ವರ್ಷ ಯಾರೂ ಒಯ್ಯದೇ ಇದ್ರೆ ಪಟ್ಟಿಗೆ ಬರುತ್ತೆ. ಸಮಿತಿ ಒಪ್ಪಿದ್ರೆ ರದ್ದು. ಈ ಸಲದ ಪಟ್ಟಿ ಮೊನ್ನೆ ತಾನೆ ಟೈಪಾಯ್ತು."

"ತನ್ನಿ ಇಲ್ಲಿ."

ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟಳು. ರದ್ದಾಗಬೇಕಿದ್ದ ಪುಸ್ತಕ ಮೂವತ್ತಾರು. ಆ ಮೂವತ್ತಾರೂ ಕಳುವಾದವುಗಳಲ್ಲಿ ಇದ್ದವು. ಉಳಿದದ್ದು ಐದು. ಹಸಿರು ರಟ್ಟಿನವು.

"ರದ್ದಾಗೋ ಪುಸ್ತಕ ಯಾರೂ ಹೊತ್ತೊಯ್ಯಲ್ಲ, ಇಲ್ಲೇ ಎಲ್ಲೋ ಇರಬೇಕು. ಬೈಂಡಿಂಗ್ ಕೋಣೆ ಎಲ್ಲಿದೆ?"

ಹಿಂದಿನ ಕೋಣೆಯಲ್ಲಿ ರಟ್ಟು ಹರಿದ ಪುಸ್ತಕಗಳ ಕಟ್ಟುಗಳು ಸಾಲಾಗಿದ್ದವು. ಹಳೆಯ ಕಟ್ಟುಗಳ ಹುರಿ ಕಪ್ಪಾಗಿತ್ತು. ಮೂರು ಕಟ್ಟುಗಳ ಹುರಿ ಹೊಚ್ಚ ಹೊಸದು. ಇನ್ಸ್‌ಪೆಕ್ಟರ್ ಗಂಟು ಬಿಚ್ಚಿದಳು. ರೈಲ್ವೆ ವೇಳಾಪಟ್ಟಿ. ರೇಡಿಯೋ ರಿಪೇರಿ. ಬೆರಳಚ್ಚು. ಎಣಿಸಿದಳು. ಮೂವತ್ತಾರು.

ಗ್ರಂಥಪಾಲಕರು ಬಾಯಿ ಬಿಟ್ಟು ನಿಂತರು. "ಹಾಗಾದ್ರೆ ಕಳುವಾಗಿದ್ದು..."

"ಐದೇ. ಉಳಿದದ್ದು ನಮ್ಮ ಕಣ್ಣಿಗೆ ಮಣ್ಣೆರಚೋಕೆ. ಆ ಕೈಪಿಡಿ ಒಟ್ಟು ಎಷ್ಟು ಪ್ರತಿ ಇದ್ದವು?"

"ರಿಜಿಸ್ಟರ್ ನೋಡಬೇಕು. ಅಕ್ಕನೇ ನೋಡೋದು. ಅವಳು ತಲೆ ಸಿಡೀತಿದೆ ಅಂತ ಹನ್ನೊಂದಕ್ಕೆ ರಜೆ ಹಾಕಿ ಹೋದ್ಲು."

ಇನ್ಸ್‌ಪೆಕ್ಟರ್ ತಾನೇ ಬೀರು ತೆರೆಸಿದಳು. ಬಂದ ಪ್ರತಿ ಪುಸ್ತಕಕ್ಕೂ ನಂಬರು ಕೊಟ್ಟು ಬರೆದಿಡುವ ದಪ್ಪ ರಿಜಿಸ್ಟರ್. ಹಾಳೆ ಮಗುಚಿ ಮಗುಚಿ ಬೆರಳು ಒಂದು ಕಡೆ ನಿಂತಿತು. ಕೈಪಿಡಿ, ಆರು ಪ್ರತಿ. ಐದು ನಂಬರುಗಳ ಮುಂದೆ ನಿನ್ನೆಯ ತಾರೀಖು, ಪಕ್ಕದಲ್ಲಿ 'ರದ್ದು' ಎಂಬ ಪದ. ಮುತ್ತು ಪೋಣಿಸಿದ ಅಕ್ಷರ. ಆರನೆಯದರ ಮುಂದೆ ಪೆನ್ಸಿಲ್ಲಿನ ಒಂದು ಚುಕ್ಕೆ.

ಗ್ರಂಥಪಾಲಕರು ತಡವರಿಸಿದರು. "ಕದ್ದವರು ರಿಜಿಸ್ಟರಿನಲ್ಲಿ ಬರೀತಾರಾ?"

"ಇಪ್ಪತ್ತೆರಡು ವರ್ಷ ಬರೆದ ಕೈ. ಬರೀದೆ ಇರೋಕೆ ಆಗಲಿಲ್ಲ. ಆರನೇ ಪ್ರತಿ ಯಾರ ಮನೇಲಿದೆ?"

ಹೊರಗೆ ಹೋದ ಪುಸ್ತಕಗಳ ಟ್ರೇ ತಂದರು. ಪುಸ್ತಕ ಕೊಡುವಾಗ ಅದರ ಕಾರ್ಡನ್ನು ಓದುಗರ ಟಿಕೆಟಿನ ಪುಟ್ಟ ಜೇಬಿಗೆ ಸೇರಿಸಿ ಅಲ್ಲಿಡುವುದು ಪದ್ಧತಿ. ಎಲ್ಲ ಜೇಬುಗಳೂ ತುಂಬಿದ್ದವು. ಒಂದು ಮಾತ್ರ ಬರಿದಾಗಿತ್ತು. ಕಾರ್ಡು ಹೋಗಿತ್ತು, ಟಿಕೆಟು ಉಳಿದಿತ್ತು. ಅದರ ಮೇಲೆ ವಿಳಾಸ.

"ಮೂರನೇ ಅಡ್ಡರಸ್ತೆಯ ಟೈಲರಮ್ಮ," ಎಂದು ಓದಿದರು ಗ್ರಂಥಪಾಲಕರು.

ಇನ್ಸ್‌ಪೆಕ್ಟರ್ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. "ನೀವೂ ಬನ್ನಿ. ಬೇಗ."

* * *

ಟೈಲರಮ್ಮ ಬಾಗಿಲಲ್ಲೇ ಸಿಕ್ಕಳು. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ತೆಗೆದು ಗದರಿದಳು.

"ಇದೇನಮ್ಮಾ? ಪುಸ್ತಕ ನಾಲ್ಕು ದಿನ ತಡ ಆಯ್ತು ಅಂತ ಪೊಲೀಸ್ರನ್ನ ಕಳಿಸ್ತಾರಾ? ಒಳಗೆ ನೋಡಿದ್ರೆ ಒಬ್ಬಳು ಬಂದು ಗೋಡೆ ಮುಂದೆ ಕೂತಿದಾಳೆ. ನಿನ್ನೆ ಸಂಜೆನೂ ಬಂದಿದ್ಲಂತೆ. ನಾನು ಬಟ್ಟೆ ಕೊಡೋಕೆ ಹೋಗಿದ್ದೆ."

ಒಳಗೆ ಹೊಲಿಗೆ ಯಂತ್ರದ ಕೆಳಗೆ ಒಂಬತ್ತು ತಿಂಗಳ ಮೊಮ್ಮಗಳು ನೂಲಿನ ಉಂಡೆಯ ಹಿಂದೆ ಅಂಬೆಗಾಲಿಡುತ್ತಿದ್ದಳು. ಯಂತ್ರದ ಕಾಲಿಗೆ ಒರಗಿಸಿ ಒಂದು ಬಾಟಲಿ. ಯಂತ್ರ ಒರೆಸುವ ಸೀಮೆಎಣ್ಣೆ. ಬಿರಡೆಯ ಬದಲು ಬಟ್ಟೆ ತುರುಕಿತ್ತು. ಇನ್ಸ್‌ಪೆಕ್ಟರ್ ಅದನ್ನು ಎತ್ತಿ ಅಟ್ಟದ ಮೇಲಿಟ್ಟಳು.

ಅಡುಗೆಮನೆಯ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿ. ಅದರ ತುಂಬ ದೊಡ್ಡ ಅಕ್ಷರಗಳಲ್ಲಿ ಟೈಲರಮ್ಮ ನಕಲು ಮಾಡಿದ ಕೈಪಿಡಿಯ ಸಾಲುಗಳು. ಸುಟ್ಟರೆ ಹೀಗೆ, ಬಿದ್ದರೆ ಹೀಗೆ. ಚೀಟಿ ಅಕ್ಕ ಮಂಡಿಯೂರಿ ಒಂದು ಸಾಲನ್ನು ಪೆನ್ನಿನಿಂದ ಒತ್ತಿ ಒತ್ತಿ ಹೊಡೆದು ಹಾಕುತ್ತಿದ್ದಳು. ಮಡಿಲಲ್ಲಿ ಹಸಿರು ರಟ್ಟಿನ ಪುಸ್ತಕ.

"ಅಕ್ಕ," ಎಂದಳು ಇನ್ಸ್‌ಪೆಕ್ಟರ್.

"ಒಂದೇ ನಿಮಿಷ ಮೇಡಂ. ಈ ಸಾಲು ಮುಗಿಸ್ತೀನಿ."

ಮುಗಿಸಿ ತಿರುಗಿದಳು. ಗ್ರಂಥಪಾಲಕರನ್ನು ಕಂಡು ಎದ್ದು ನಿಂತಳು. ಅದೂ ಇಪ್ಪತ್ತೆರಡು ವರ್ಷದ ಅಭ್ಯಾಸ.

"ಅಟೆಂಡರ್ ಕದ್ದಿದ್ರೆ ರಿಜಿಸ್ಟರ್ ಮುಟ್ತಿರಲಿಲ್ಲ," ಎಂದಳು ಇನ್ಸ್‌ಪೆಕ್ಟರ್. "ಗ್ರಂಥಪಾಲಕರಿಗೆ ಆ ಪುಸ್ತಕ ಇನ್ನೂ ಹತ್ತು ಬೇಕಿತ್ತು. ಉಳಿದೋರು ನೀವು. ರದ್ದಾಗೋ ಪಟ್ಟಿ ನೋಡಿ ಅವೇ ಮೂವತ್ತಾರನ್ನ ಆರಿಸಿ ಬಚ್ಚಿಟ್ರಿ. ಕಳ್ಳತನದಲ್ಲೂ ನಿಯಮ ಮೀರಲಿಲ್ಲ. ಒಂದು ಮಾತ್ರ ಅರ್ಥ ಆಗಲಿಲ್ಲ. ಆ ಕಾರ್ಡು ಯಾಕೆ ಬೇಕಿತ್ತು?"

"ಎಷ್ಟು ಸಲ ಹೊರಗೆ ಹೋಗಿದೆ ಅನ್ನೋದು ಅದರಲ್ಲೇ ಇರೋದು ಮೇಡಂ. ಆ ಲೆಕ್ಕ ನೋಡಿಯೇ ಸಮಿತಿ ಇನ್ನಷ್ಟು ಕೊಳ್ಳೋದು. ಆರೂ ಕಾರ್ಡು ಇಲ್ದೇ ಹೋದ್ರೆ ನಾಳೆ ಸಭೇಲಿ ತೋರಿಸೋಕೆ ಏನೂ ಇರಲ್ಲ."

"ಆ ಐದು ಎಲ್ಲಿ?"

"ಮನೇಲಿ. ತೊಟ್ಟಿ ನೀರಲ್ಲಿ ನೆನೆ ಹಾಕಿದೀನಿ. ಇಷ್ಟು ಹೊತ್ತಿಗೆ ಮುದ್ದೆಯಾಗಿರುತ್ತೆ."

ಗ್ರಂಥಪಾಲಕರಿಗೆ ಸಿಟ್ಟು ಬಂತು. "ನನ್ನನ್ನ ಒಂದು ಮಾತು ಕೇಳಬಾರದಿತ್ತೇನಮ್ಮಾ?"

"ಮೂರು ಸಲ ಬರೆದು ಕೊಟ್ಟೆ ಸರ್. ಜನ ಕೇಳೋ ಪುಸ್ತಕ, ತೆಗೆಯೋಕಾಗಲ್ಲ ಅಂದ್ರಿ."

"ಜನ ಕೇಳೋದನ್ನೇ ತೆಗೆದ್ರೆ ನಾನು ಯಾರಿಗೆ ಏನು ಉತ್ತರ ಕೊಡ್ಲಿ?"

"ಮನೇಲಿ ಮಕ್ಕಳಿದ್ದಾವೆ ಅಂತ ಕೇಳ್ತಾರೆ. ಒಳಗೆ ಬರೆದಿರೋದು ಸರಿ ಅಂತ ನಾವು ಇಟ್ಟಿದೀವಿ ಅಂದ್ಕೊಂಡು ಒಯ್ತಾರೆ." ಅಕ್ಕ ಹಸಿರು ಪುಸ್ತಕ ಎತ್ತಿ ಹಿಡಿದಳು. "ನನ್ನ ತಂಗಿ ಮಗ ಸರ್. ಒಂದೂವರೆ ವರ್ಷ. ಸೀಮೆಎಣ್ಣೆ ಕುಡಿದ. ತಂಗಿ ಅತ್ತೆ ಗಾಬರಿಯಲ್ಲಿ ಈ ಪುಸ್ತಕ ತೆಗೆದ್ರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂತ ಇತ್ತು. ಮಾಡಿಸಿದ್ರು. ವಾಂತಿ ಜೊತೆ ಎಣ್ಣೆ ಶ್ವಾಸಕೋಶಕ್ಕೆ ಇಳೀತು. ಆಸ್ಪತ್ರೇಲಿ ಡಾಕ್ಟರು ಕೈ ಹಿಸುಕಿಕೊಂಡ್ರು. ವಾಂತಿ ಮಾಡಿಸಲೇಬಾರದಿತ್ತು, ಸೀದಾ ಇಲ್ಲಿಗೆ ತರಬೇಕಿತ್ತು, ಈ ಸಲಹೆ ಬಿಟ್ಟು ಎಷ್ಟೋ ವರ್ಷ ಆಯ್ತು ಅಂದ್ರು. ಮಗು ಉಳೀತು. ಆದ್ರೆ ಹತ್ತು ಹೆಜ್ಜೆ ಓಡಿದ್ರೆ ಏದುಸಿರು."

ಟೈಲರಮ್ಮ ಮೊಮ್ಮಗಳನ್ನು ಎತ್ತಿ ಎದೆಗವಚಿಕೊಂಡಳು.

"ಆ ಪುಸ್ತಕ ಅವರ ಮನೆಗೆ ಒಯ್ದು ಕೊಟ್ಟೋಳು ನಾನೇ," ಎಂದಳು ಅಕ್ಕ. "ಹದಿನೈದು ವರ್ಷದ ಹಿಂದೆ ಇದನ್ನ ಕೊಳ್ಳಿ ಅಂತ ಶಿಫಾರಸು ಬರೆದೋಳೂ ನಾನೇ."

ಗ್ರಂಥಪಾಲಕರು ಗೋಡೆಗೆ ಒರಗಿದರು. ಆ ಮೂರು ಟಿಪ್ಪಣಿಗಳು ಅವರ ಮೇಜಿನ ಖಾನೆಯಲ್ಲೇ ಇದ್ದವು. ಮೊದಲ ಸಾಲು ಓದಿ ಬದಿಗಿಟ್ಟಿದ್ದರು.

ಇನ್ಸ್‌ಪೆಕ್ಟರ್ ಕಿಟಕಿಯವರೆಗೆ ಹೋಗಿ ಬಂದಳು. ಮತ್ತೆ ಹೋದಳು. "ಸಾರ್ವಜನಿಕ ಆಸ್ತಿ ಹಾಳು ಮಾಡಿದೀರಿ. ನಾನು ಬರೀಲೇಬೇಕು ಅಕ್ಕ."

"ಬರೀರಿ. ನಂಬರ್ ಮಾತ್ರ ಸರಿಯಾಗಿ ಬರೀರಿ."

"ನಿಮ್ಮಿಂದ ಒಬ್ಬ ಮನುಷ್ಯ ಬೆಳಿಗ್ಗೆ ಕಳ್ಳ ಅನ್ನಿಸಿಕೊಂಡು ಮನೆಗೆ ಹೋದ್ರು. ಅದಕ್ಕೇನಂತೀರಿ?"

ಅಕ್ಕ ಮುಖ ಮುಚ್ಚಿಕೊಂಡಳು. "ಆಗಲೇ ಬಾಯಿ ಬಿಡಬೇಕಿತ್ತು. ಈ ಪುಸ್ತಕ ಮೊದಲು ಕೈಗೆ ಬರಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ತಪ್ಪಾಯ್ತು."

ಗ್ರಂಥಪಾಲಕರು ಫೋನ್ ತೆಗೆದರು. ಅಟೆಂಡರಿಗೆ ಕರೆ ಮಾಡಿದರು. "ನನ್ನನ್ನ ಕ್ಷಮಿಸಿಬಿಡಿ. ಬೀಗದ ಕೈ ನಿಮ್ಮದೇ. ಬನ್ನಿ," ಎಂದರು. ಅಲ್ಲಿಂದ ಏನು ಉತ್ತರ ಬಂತೋ, ತುಂಬ ಹೊತ್ತು ಕೇಳಿಸಿಕೊಂಡು ನಿಂತರು. ಮತ್ತೆ ಇನ್ಸ್‌ಪೆಕ್ಟರ್ ಕಡೆ ತಿರುಗಿ, "ನಾಳೆ ಸಭೆ ಮುಂದೆ ಆ ಟಿಪ್ಪಣಿಗಳನ್ನ ನಾನೇ ಓದ್ತೀನಿ. ಹತ್ತು ಪ್ರತಿಯ ಮಾತು ಬಿಟ್ಟೆ," ಎಂದರು.

ಇನ್ಸ್‌ಪೆಕ್ಟರ್ ಹಸಿರು ಪುಸ್ತಕ ತೆಗೆದುಕೊಂಡು ಹಿಂದಿನ ಹಾಳೆ ತೆರೆದಳು. ತಾರೀಖಿನ ಮುದ್ರೆಗಳು ಒತ್ತೊತ್ತಾಗಿ ಹೊಡೆದಿದ್ದವು. ಎಂಬತ್ತಮೂರು.

"ಆರೂ ಪ್ರತಿಯದ್ದಾ?"

"ಇದೊಂದರದ್ದು ಮೇಡಂ."

ಇನ್ಸ್‌ಪೆಕ್ಟರ್ ಗೋಡೆಯ ಕ್ಯಾಲೆಂಡರ್ ನೋಡಿದಳು. ಟೈಲರಮ್ಮನ ಕಡೆ ತಿರುಗಿದಳು. "ಇದನ್ನ ಬೇರೆ ಯಾರಿಗಾದ್ರೂ ಬರೆದು ಕೊಟ್ಟಿದ್ದೀರಾ?"

ಟೈಲರಮ್ಮ ಬೆಪ್ಪಾದಳು. "ಒಳ್ಳೇದಾಗ್ಲಿ ಅಂತ... ಎದುರುಮನೆ ಸೊಸೆಗೆ ಒಂದು. ನನ್ನ ಮಗಳಿಗೆ ಒಂದು. ಕ್ಷೌರದಂಗಡಿಯವನ ಹೆಂಡ್ತಿ ಫೋಟೋ ಹೊಡ್ಕೊಂಡು ಹೋದ್ಲು."

"ಜೀಪಲ್ಲಿ ಕೂತ್ಕೊಳ್ಳಿ," ಎಂದಳು ಇನ್ಸ್‌ಪೆಕ್ಟರ್ ಅಕ್ಕನಿಗೆ. ಬಾಗಿಲ ತನಕ ಹೋಗಿ ನಿಂತಳು. "ಬೇಡ. ಠಾಣೆ ಆಮೇಲೆ. ಮೊದಲು ಎದುರುಮನೆ."

ರಸ್ತೆ ದಾಟಿದರು. ಇನ್ಸ್‌ಪೆಕ್ಟರ್ ಬಾಗಿಲು ತಟ್ಟಿದಳು. ಕಂಕುಳಲ್ಲಿ ಮಗು ಎತ್ತಿಕೊಂಡು ಬಾಗಿಲು ತೆರೆದ ಹುಡುಗಿ ಖಾಕಿ ಕಂಡು ಹೆದರಿ ಹಿಂದೆ ಸರಿದಳು. ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ಚೀಟಿ ಅಕ್ಕ ಹೊಸ್ತಿಲ ಮೇಲೆ ಕಾಲಿಟ್ಟು ಕೇಳಿದಳು.

"ಸೀಮೆಎಣ್ಣೆ ಎಲ್ಲಿಟ್ಟಿದ್ದೀಯಮ್ಮಾ?"