ಕಿಟಕಿಯ ಕಡೆ ತಿರುಗಿದ ಮುಖ

"ಹಾಗೇ ಇರಿ... ಅಲ್ಲಾಡ್ಬೇಡಿ."

ಕಿಟಕಿಯ ಸಂದಿಗೆ ಉಳಿ ತೂರಿಸಿದ್ದ ಬಡಗಿ ಉಸಿರು ಬಿಗಿಹಿಡಿದು ನಿಂತ.

"ಯಾಕ್ರೀ? ತಲೆ ಮೇಲೆ ಹಲ್ಲಿ ಏನಾದ್ರೂ..."

"ಹಲ್ಲಿ ಅಲ್ಲ. ಬೆಳಕು."

ವರ್ಷಾನುಗಟ್ಟಲೆ ಬಣ್ಣದ ಮೇಲೆ ಬಣ್ಣ ಬಳಿದು ಅಂಟಿಹೋಗಿದ್ದ ಕಿಟಕಿ ಆಗಷ್ಟೇ ಬಾಯಿಬಿಟ್ಟಿತ್ತು. ಬೆಳಗಿನ ಬೆಳಕು ಅವನ ಮುಖದ ಎಡಭಾಗಕ್ಕೆ ಬಿದ್ದು, ಹುಬ್ಬಿನ ಮೇಲೆ ಕೂತ ಮರದ ಹೊಟ್ಟು ಒಂದೊಂದೂ ಕಾಣುತ್ತಿತ್ತು. ಅವನನ್ನು ಕೆಲಸಕ್ಕೆ ಕರೆಸಿದ್ದವಳ ಕೈ ತಾನಾಗಿ ಮೇಜಿನ ಮೇಲಿದ್ದ ಹಳೇ ಕ್ಯಾಮೆರಾಕ್ಕೆ ಹೋಯಿತು.

ಕ್ಲಿಕ್ ಅನ್ನಿಸಿದ ಮೇಲೆ ನಾಚಿಕೆಯಾಯಿತು ನೋಡಿ! 'ಹೆಸರು ಕೂಡ ಕೇಳದ ಗಂಡಸಿನ ಫೋಟೋ ತೆಗೆದುಬಿಟ್ಟೆನಲ್ಲ...'

"ತಪ್ಪು ತಿಳ್ಕೋಬೇಡಿ. ನಾನು ಫೋಟೋ ತೆಗೆಯೋದು ಕಲೀತಿದ್ದೀನಿ. ಟೀಚರ್ ಹೋಂವರ್ಕ್ ಕೊಟ್ಟಿದ್ದಾರೆ. ಹತ್ತು ದಿನ, ಒಂದೇ ಕಿಟಕಿ, ಒಂದೇ ಹೊತ್ತು, ಒಂದೇ ಮುಖ."

"ಮನೇಲಿ ಯಾರದ್ದಾದ್ರೂ ಮುಖ ಇರತ್ತಲ್ಲ?"

ಅವಳು ಗೋಡೆಯ ಕಡೆ ನೋಡಿದಳು. ಅಲ್ಲಿ ಅಮ್ಮನ ಫೋಟೋ ಇತ್ತು. ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು, ಕಣ್ಣು ಅರ್ಧ ಮುಚ್ಚಿ, ಯಾರೋ ಬೈದ ಹಾಗೆ ಕಾಣುವ ಅಮ್ಮ. ಹೋಗಿ ಒಂದು ವರ್ಷವಾಗಿತ್ತು. ಬದುಕಿದ್ದಾಗ ಒಂದು ಒಳ್ಳೆಯ ಫೋಟೋ ತೆಗೆಯಲಿಲ್ಲ ಎಂಬ ಸಂಕಟಕ್ಕೇ ಅವಳು ಈ ವಿದ್ಯೆಗೆ ಕೈ ಹಾಕಿದ್ದು.

"ಇಲ್ಲ," ಎಂದಳು. "ಈ ಮನೇಲಿ ನಾನೊಬ್ಬಳೇ."

ಅವನು ಉಳಿಯನ್ನು ಚೀಲಕ್ಕೆ ಹಾಕಿದ.

"ನನ್ನ ಮುಖ ಆಗತ್ತಾ? ಕನ್ನಡಿನೇ ಬೇಜಾರು ಮಾಡ್ಕೊಳತ್ತೆ, ಮೊದ್ಲೇ ಹೇಳಿರ್ತೀನಿ."

ಮಾರನೇ ದಿನ ಎಂಟು ಗಂಟೆಗೆ ಸರಿಯಾಗಿ ಬಂದ. ತಲೆಗೆ ನೀರು ಹಚ್ಚಿ ಬಾಚಿದ್ದ.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಇಡೀ ದಿನ ಗೇಣು ದೂರದಲ್ಲಿ ಯಾರದ್ದಾದರೂ ಮುಖ. ಕಿವಿಯ ಹಿಂದೆ ಕಡ್ಡಿ ಸರಿಪಡಿಸುವುದು, ಮೂಗಿನ ಮೇಲೆ ಕೂರಿಸುವುದು, ಮೆಲ್ಲಗೆ "ಈಗ ಸರಿಯಾಯ್ತಾ?" ಎಂದು ಕೇಳುವುದು. ಹೊಸ ಕನ್ನಡಕ ಹಾಕಿಕೊಂಡವರೆಲ್ಲ ಮೊದಲು ನೋಡುವುದು ಕನ್ನಡಿಯನ್ನು. ಎದುರಿಗೆ ನಿಂತವಳನ್ನು ಯಾರೂ ನೋಡುವುದಿಲ್ಲ. ಸಂಜೆ ಮನೆಗೆ ಬಂದರೆ ಬೀಗ ತೆಗೆಯುವ ಸದ್ದೇ ಅವಳನ್ನು ಮಾತಾಡಿಸುವುದು. ವಾರಕ್ಕೊಮ್ಮೆ ಅಕ್ಕ ಫೋನ್ ಮಾಡಿ, "ಪುಟ್ಟಿ, ಊಟ ಆಯ್ತಾ?" ಎಂದು ಕೇಳಿ, ಅವಳು ಉತ್ತರ ಹೇಳುವಷ್ಟರಲ್ಲಿ ತನ್ನ ಮಕ್ಕಳನ್ನು ಗದರಲು ಓಡುತ್ತಿದ್ದಳು.

ಹೀಗಿರುವಾಗ ಎದುರಿಗೆ ಒಬ್ಬ ಮನುಷ್ಯ ಸುಮ್ಮನೆ ಕೂತರೆ ಏನಾಗುತ್ತದೆ? ವರ್ಷದಿಂದ ಕೂಡಿಟ್ಟ ಮಾತೆಲ್ಲ ಹೊರಗೆ ಬಂತು!

ಕಿಟಕಿಗೆ ಬಿಳಿ ಬೆಡ್‌ಶೀಟ್ ಕಟ್ಟಿದರೆ ಬೆಳಕು ಮೆದುವಾಗುತ್ತದೆ ಎಂದು ವಿವರಿಸಿದಳು. ಬಕೆಟ್ಟಿಗೆ ಒರಗಿಸಿದ ಥರ್ಮೊಕೋಲ್ ಹಲಗೆ, ನೆರಳಿದ್ದ ಕೆನ್ನೆಗೆ ಸ್ವಲ್ಪ ಬೆಳಕು ವಾಪಸ್ ಕೊಡುತ್ತದೆ ಎಂದಳು. ಹಾಗೆಯೇ ಅಮ್ಮನ ಕೆಮ್ಮಿನ ವಿಷಯಕ್ಕೆ ಹೋದಳು, ಆಸ್ಪತ್ರೆಯ ಬೆಂಚಿನ ವಿಷಯಕ್ಕೆ ಹೋದಳು. ಮಾತಾಡುತ್ತಲೇ ಕ್ಲಿಕ್ ಮಾಡಿದಳು.

ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿರುತ್ತಿದ್ದ. ಹೂಂ ಎನ್ನುತ್ತಿದ್ದ, ಅಷ್ಟೇ.

ನಾಲ್ಕನೇ ದಿನ ಬಗಲಲ್ಲಿ ಒಂದು ಮರದ ಸ್ಟ್ಯಾಂಡ್ ಹಿಡಿದುಕೊಂಡು ಬಂದ. ಥರ್ಮೊಕೋಲ್ ನಿಲ್ಲಿಸಲು.

"ಬಕೆಟ್ ಪದೇಪದೇ ಜಾರ್ತಿತ್ತಲ್ಲ," ಎಂದ.

ಬೇರೆ ಯಾರಿಗಾದರೂ ಅವನ ಅಕ್ಕರೆ ತಿಳಿಯಲು ಅಷ್ಟು ಸಾಕಿತ್ತು. ಆದರೆ ಬಹಳ ದಿನ ಒಂಟಿಯಾಗಿದ್ದವರ ಬುದ್ಧಿಯೇ ಬೇರೆ. ಯಾರಾದರೂ ಒಳ್ಳೆಯದು ಮಾಡಿದರೆ ಮೊದಲು ಅನುಮಾನ ಬರುತ್ತದೆ.

ಎಂಟನೇ ದಿನ ಮಧ್ಯಾಹ್ನ ಅಂಗಡಿಯ ಕಂಪ್ಯೂಟರಿನಲ್ಲಿ ಎಂಟೂ ಫೋಟೋ ತೆರೆದು ನೋಡಿದಳು.

ಎಂಟರಲ್ಲೂ ಮುಖ ಕಿಟಕಿಯ ಕಡೆಗೇ. ಒಂದರಲ್ಲೂ ಅವಳ ಕಡೆ ನೋಡಿಲ್ಲ.

'ಅಯ್ಯೋ ಪೆದ್ದಿ... ಇವಳ ಪುರಾಣ ಯಾವಾಗ ಮುಗಿಯತ್ತೋ ಅಂತ ಕಿಟಕಿ ನೋಡ್ತಾ ಕೂತಿದ್ದಾನೆ. ಪಾಪ, ಬೇಡ ಅನ್ನೋಕೆ ದಾಕ್ಷಿಣ್ಯ. ನೀನು ಅದನ್ನೇ ಸ್ನೇಹ ಅಂದ್ಕೊಂಡೆ.'

ಒಂಬತ್ತನೇ ದಿನ ಅವನು ಬಂದು ಕೂತಾಗ ಅವಳು ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಅಳು ಬರುತ್ತಿತ್ತು. ಫೋಕಸ್ ಕೂಡ ಸರಿಯಾಗಿ ನೋಡದೆ ಒಮ್ಮೆ ಒತ್ತಿ, ಕ್ಯಾಮೆರಾ ಕೆಳಗಿಟ್ಟಳು.

"ನಾಳೆಯಿಂದ ಬರೋದು ಬೇಡ. ಇಷ್ಟು ಫೋಟೋ ಸಾಕು."

"ಇನ್ನೂ ಒಂದು ದಿನ ಇದೆಯಲ್ಲ?"

"ಸಾಕು."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

"ಮುಖ ಸರಿಯಾಗಿ ಬರ್ಲಿಲ್ಲ ಅನ್ಸತ್ತೆ. ಕಿಟಕಿ ಮತ್ತೆ ಬಿಗಿಯಾದ್ರೆ ಹೇಳಿ ಕಳ್ಸಿ."

ಬಾಗಿಲು ಮುಚ್ಚಿತು. ಕುರ್ಚಿಯ ಮೇಲೆ ಬೆಳಕು ಮಾತ್ರ ಉಳಿಯಿತು. ಆ ದಿನ ಅಂಗಡಿಗೆ ಹೋಗುವವರೆಗೂ ಅವಳು ಆ ಕುರ್ಚಿಯನ್ನು ಕಿಟಕಿಯಿಂದ ದೂರ ಸರಿಸಲಿಲ್ಲ.

ಅವಳ ಟೀಚರ್ ನಲವತ್ತು ವರ್ಷ ಸ್ಟುಡಿಯೋ ನಡೆಸಿದ ಮುದುಕಿ. ಎಲ್ಲರ ಬಾಯಲ್ಲೂ ಸ್ಟುಡಿಯೋ ಅಮ್ಮ. ಭಾನುವಾರ ಒಂಬತ್ತು ಪ್ರಿಂಟುಗಳನ್ನೂ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಬಗ್ಗಿದರು.

"ಬೆಳಕು ಪರವಾಗಿಲ್ಲ. ಅದಿರ್ಲಿ, ಈ ಕೊನೇದು ಯಾವತ್ತು ತೆಗೆದಿದ್ದು?"

ಅವಳು ನೋಡಿದಳು. ಅದರಲ್ಲಿ ಅವನು ನೇರವಾಗಿ ಲೆನ್ಸಿನ ಕಡೆ ನೋಡುತ್ತಿದ್ದ. ಲೆನ್ಸಿನ ಕಡೆ ಎಲ್ಲಿ ಬಂತು... ಅವಳ ಕಡೆಗೇ! ಏನಾಯ್ತು ನಿಮಗೆ ಎಂದು ಕೇಳುವ ಹಾಗಿತ್ತು ಆ ನೋಟ.

"ಅವತ್ತು... ಅವತ್ತು ನಾನು ಮಾತಾಡ್ಲಿಲ್ಲ, ಅಮ್ಮ."

"ಮಿಕ್ಕ ದಿನ?"

"ಬಾಯಿ ಮುಚ್ಚಲಿಲ್ಲ. ಅದಕ್ಕೇ ಬೇಜಾರಾಗಿ ಕಿಟಕಿ ನೋಡ್ತಿದ್ರು."

"ನಿನ್ನ ತಲೆ," ಸ್ಟುಡಿಯೋ ಅಮ್ಮ ಭೂತಗನ್ನಡಿಯನ್ನು ಅವಳ ಕೈಗೆ ತುರುಕಿದರು. "ಕಣ್ಣು ನೋಡು. ಕಿಟಕಿ ಮೇಲಿಲ್ಲ, ನೆಲದ ಮೇಲಿದೆ. ಬೇಜಾರಾದವನು ಒಂದಿನ ಆ ಕಡೆ, ಒಂದಿನ ಈ ಕಡೆ ನೋಡ್ತಾನೆ. ಇವನ ಕತ್ತು ಎಂಟು ದಿನವೂ ಒಂದೇ ಕಡೆ, ಒಂದೇ ಅಳತೆ. ಯಾಕೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಅಷ್ಟೆಲ್ಲ ಮಾತಾಡಿದವಳು ಅದೊಂದನ್ನು ಕೇಳಿರಲಿಲ್ಲ.

ಸೋಮವಾರ ಅಂಗಡಿಗೆ ತಡವಾಗುತ್ತದೆಂದು ಹೇಳಿ ಅವನಿದ್ದ ಮರಗೆಲಸದ ಶೆಡ್ಡಿಗೆ ಹೋದಳು. ಯಂತ್ರ ನಿಂತಿತ್ತು. ಅವನು ಬೆನ್ನು ಬಗ್ಗಿಸಿ ಹಲಗೆಗೆ ಮರಳುಕಾಗದ ಉಜ್ಜುತ್ತಿದ್ದ. ಅವಳು ಅವನ ಎಡಗಡೆ ನಿಂತು ಮೆಲ್ಲಗೆ ಕರೆದಳು.

"ರೀ..."

ತಿರುಗಲಿಲ್ಲ.

"ಒಂದ್ನಿಮಿಷ... ಸ್ವಲ್ಪ ಇಲ್ಲಿ ನೋಡ್ತೀರಾ?"

ಉಜ್ಜುತ್ತಲೇ ಇದ್ದ. 'ಕೋಪ. ಬರಲೇಬೇಕಲ್ಲ.' ಬಂದ ದಾರಿಗೆ ತಿರುಗಿದಳು.

ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ದೊಡ್ಡ ಮೇಸ್ತ್ರಿ ಲೋಟ ಕೆಳಗಿಟ್ಟರು.

"ಆ ಕಡೆಯಿಂದ ಕರೆದ್ರೆ ಸಂಜೆಯಾದ್ರೂ ಕೇಳ್ಸಲ್ಲಮ್ಮ. ಯಂತ್ರದ ಸದ್ದಿಗೆ ಎಡಗಿವಿ ಹೋಗಿ ಆರು ವರ್ಷ ಆಯ್ತು. ಬಲಗಡೆ ಹೋಗಿ."

ಅವಳು ನಿಂತಲ್ಲೇ ನಿಂತಳು. ಎಂಟು ದಿನದ ಎಂಟು ಮುಖ ಕಣ್ಣಮುಂದೆ ಬಂದವು. ಎದುರಿಗೆ ಕೂತು ಅವಳು ಮಾತು ಶುರು ಮಾಡುವುದು, ಅವನು ಎಡಕ್ಕೆ ಕತ್ತು ತಿರುಗಿಸಿ ಬಲಗಿವಿಯನ್ನು ಅವಳ ಕಡೆಗೆ ಹಿಡಿಯುವುದು. ಅವಳ ಕಣ್ಣು ತುಂಬಿ ಬಂತು.

ಸುತ್ತು ಹಾಕಿ ಬಲಗಡೆಗೆ ಬಂದಳು.

"ಯಾಕೆ ಹೇಳ್ಲಿಲ್ಲ?"

ಅವನು ಬೆಚ್ಚಿ ತಿರುಗಿದ. ಮೇಸ್ತ್ರಿಯನ್ನು ನೋಡಿದ, ಅವಳ ಕಣ್ಣನ್ನು ನೋಡಿದ. ಅರ್ಥವಾಯಿತು.

"ಹೇಳಿದ್ರೆ ನೀವೂ ಜೋರಾಗಿ ಮಾತಾಡೋಕೆ ಶುರು ಮಾಡ್ತಿದ್ರಿ."

"ಅದಕ್ಕೇನು?"

"ಎಲ್ಲರೂ ಹಾಗೇ. ವಿಷಯ ಗೊತ್ತಾದ ದಿನದಿಂದ ಕೂಗ್ತಾರೆ. ನಮ್ಮಮ್ಮನೂ ಕೂಗ್ತಾಳೆ. ಆರು ವರ್ಷದಲ್ಲಿ ನನ್ನ ಹತ್ರ ಮೆಲ್ಲಗೆ ಮಾತಾಡಿದ್ದು ನೀವೊಬ್ಬರೇ." ಅವನು ಕೈಯಲ್ಲಿದ್ದ ಮರಳುಕಾಗದವನ್ನು ಮಡಿಸಿದ. "ಬರ್ಬೇಡಿ ಅಂದಾಗ, ನಿಮಗೆ ಗೊತ್ತಾಗೋಯ್ತು, ಕಿವುಡ ಬೇಡ ಅನ್ಸಿರಬೇಕು ಅಂದ್ಕೊಂಡೆ."

"ನಾನು... ನನ್ನ ಮಾತು ಬೇಡ ಅನ್ಸಿರಬೇಕು ಅಂದ್ಕೊಂಡೆ."

ಮೇಸ್ತ್ರಿ ಖಾಲಿ ಲೋಟವನ್ನೇ ಎತ್ತಿ ಮತ್ತೊಮ್ಮೆ ಕುಡಿದರು.

"ಹತ್ತನೇ ದಿನದ ಫೋಟೋ ಬಾಕಿ ಇದೆ," ಎಂದಳು ಅವಳು.

ಮಾರನೇ ಬೆಳಿಗ್ಗೆ ಎಂಟು ಗಂಟೆ. ಬೆಡ್‌ಶೀಟ್ ಕಟ್ಟಿತ್ತು, ಥರ್ಮೊಕೋಲ್ ಅದರ ಸ್ಟ್ಯಾಂಡಿನಲ್ಲಿ ನಿಂತಿತ್ತು. ಅವಳು ಅಮ್ಮನ ಕುರ್ಚಿಯನ್ನೂ ಎಳೆದು ತಂದು, ಅವನ ಬಲಗಡೆಗೆ ಹಾಕಿದಳು. ಕ್ಯಾಮೆರಾವನ್ನು ಸ್ಟೂಲಿನ ಮೇಲೆ, ಪುಸ್ತಕಗಳ ಮೇಲೆ ಕೂರಿಸಿ ಟೈಮರ್ ಒತ್ತಿದಳು.

"ಹತ್ತು ಸೆಕೆಂಡ್ ಇದೆ. ಈ ಸಲ ಕ್ಯಾಮೆರಾನೇ ನೋಡ್ಬೇಕು."

ಓಡಿ ಬಂದು ಪಕ್ಕದಲ್ಲಿ ಕೂತಳು. ಕೆಂಪು ದೀಪ ಮಿಣುಕತೊಡಗಿತು. ಅವನು ಪರೀಕ್ಷೆಗೆ ಕೂತವನ ಹಾಗೆ ನೆಟ್ಟಗೆ ಕೂತ.

ಅವಳು ಬಾಗಿ, ಆ ಬಲಗಿವಿಗೆ, ಅಂಗಡಿಯಲ್ಲಿ ಮಾತಾಡುವುದಕ್ಕಿಂತಲೂ ಮೆಲ್ಲಗೆ ಹೇಳಿದಳು.

"ಹತ್ತು ದಿನ ಸಾಕಾಗಲ್ಲ ನಂಗೆ. ದಿನಾ ಬೇಕು ಈ ಮುಖ."

ಅವನು ಕ್ಯಾಮೆರಾ ಮರೆತು ಅವಳ ಕಡೆ ತಿರುಗಿದ. ಕ್ಲಿಕ್ ಆಯಿತು.

"ಹಾಳು ಮಾಡಿದ್ರಿ," ಅವಳು ನಕ್ಕಳು. ಕಣ್ಣು ಒದ್ದೆಯಾಗಿತ್ತು. "ಕೇಳಿಸ್ತಾ?"

"ಕೇಳಿಸ್ತು."

"ಮತ್ತೆ ಸುಮ್ನೆ ಕೂತಿದ್ದೀರಲ್ಲ?"

"ಇನ್ನೊಂದ್ಸಲ ಹೇಳ್ತೀರಾ," ಎಂದ ಅವನು. "ಅಷ್ಟೇ ಮೆಲ್ಲಗೆ."